ಉಳಿವೆಪ್ಪನ ಟ್ರಾನ್ಸಿಸ್ಟರ್ ವಿಮಾನ ಹತ್ತಿದ್ದು

ಅಕ್ಕಿಆಲೂರಿನ ಅಕ್ಕಿ ಗಿರಣಿಯ ಉಳಿವೆಪ್ಪ ಬೆಳಗಾವಿಯಿಂದ ಮುಂಬಯಿಗೆ ವಿಮಾನದಲ್ಲೇ ಹೋಗುವುದೆಂದು ಪಟ್ಟು ಹಿಡಿದ. ಅದೂ ಹೊಸ ಟ್ರಾನ್ಸಿಸ್ಟರನ್ನು ಹೆಗಲಿಗೆ ತೂಗಿಕೊಂಡು. ಮೋಡದ ಮೇಲೆ ಕುಳಿತು ಧಾರವಾಡ ಕೇಂದ್ರ ಕೇಳಿದ ಮೊದಲ ಮನುಷ್ಯ ತನ್ನ ಹಾನಗಲ್ ತಾಲ್ಲೂಕಿನವನೇ ಆಗಬೇಕಿತ್ತು.

"ಮಾವಾರ, ವಿಮಾನದಾಗ ಅದನ್ನ ಹಚ್ಚಬ್ಯಾಡ್ರಿ," ಎಂದ ಹೆಂಡತಿಯ ತಮ್ಮ ಗಿರಿಯಪ್ಪ. "ವಿಮಾನ ತನ್ನ ರೇಡಿಯೋ ನಂಬಿ ದಾರಿ ಹಿಡಿತೈತಂತ. ನಡುವ ನಿಮ್ದು ಬಾಯಿ ಹಾಕಿದ್ರ ದಿಕ್ಕ ತಪ್ತೈತಿ."

"ಇಷ್ಟ ಡಬ್ಬಿ ಅಷ್ಟ ದೊಡ್ಡದನ್ನ ಕೆಡವ್ತೈತೇನು? ನಾನ ಹಚ್ಚಿ ಪರೀಕ್ಷಾ ಮಾಡ್ತೇನಿ."

ಹೆಂಡತಿ ವೀರವ್ವ ನಗಲಿಲ್ಲ. ತೀರಿಹೋದ ಮಾವನನ್ನು ಹೋದ ವರ್ಷವಷ್ಟೇ ಹೂವಿನ ವಿಮಾನದಲ್ಲಿ ಕೂರಿಸಿ, ಭಜನೆಯೊಂದಿಗೆ ಮಣ್ಣಿಗೆ ಒಯ್ದಿದ್ದರು.

"ನಮ್ಮ ಮನ್ಯಾಗ ವಿಮಾನದಾಗ ಕುಂತಾವರು ಯಾರೂ ತಿರುಗಿ ಬಂದಿಲ್ರಿ," ಎಂದು ಗಂಡನಿಗೆ ಹೇಳಿ, ರೊಟ್ಟಿ ಕಟ್ಟಲು ಒಳಗೆ ಹೋದಳು.

ವಿಮಾನದಲ್ಲಿ ಗಗನಸಖಿಯೂ ರೇಡಿಯೋ ಹಚ್ಚಬೇಡಿರೆಂದು ಕೈಮುಗಿದು ಹೇಳಿದಳು. ಉಳಿವೆಪ್ಪ ಗಂಭೀರವಾಗಿ ತಲೆಯಾಡಿಸಿ, ಅವಳು ಅತ್ತ ಹೋದದ್ದೇ ತಡ, ರುಮಾಲಿನ ಮರೆಯಲ್ಲಿ ಗುಂಡಿ ತಿರುವಿದ. ಇಂಜಿನ್ನಿನ ಅಬ್ಬರದಲ್ಲಿ ಏನೂ ಕೇಳಿಸಲಿಲ್ಲ. ಅಷ್ಟರಲ್ಲಿ ವಿಮಾನ ಧಡಕ್ಕನೆ ಕುಸಿಯಿತು. ಅವನು ಗಡಬಡಿಸಿ ಗುಂಡಿ ಬಂದ್ ಮಾಡಿ ಹಾನಗಲ್ಲಿನ ತಾರಕೇಶ್ವರನಿಗೆ ಹರಕೆ ಹೊತ್ತ.

ಮುಂಬಯಿಯಲ್ಲೂ ಟ್ರಾನ್ಸಿಸ್ಟರ್ ತುಟಿ ಬಿಚ್ಚಲಿಲ್ಲ. ಮುಚ್ಚಳ ತೆರೆದರೆ ಸಾಕ್ಷಿ ಕೆಡುತ್ತದೆಂದು ಹಾಗೇ ಊರಿಗೆ ತಂದ.

ಮನೆಯ ಕಟ್ಟೆಗೆ ಜನ ಕೂಡಿದರು. ಕುಸಿತದ ಸುದ್ದಿಯನ್ನು ಉಳಿವೆಪ್ಪ ಎತ್ತಲೇ ಇಲ್ಲ.

"ರೇಡಿಯೋ ವಿಮಾನಾ ಕೆಡಸೂದಿಲ್ಲ. ವಿಮಾನನ ರೇಡಿಯೋ ಕೆಡಸ್ತೈತಿ. ಕಂಪನ್ಯಾವರ ಮ್ಯಾಲ ಕೇಸ್ ಹಾಕಾಂವ ಅದೇನಿ."

ಗಿರಿಯಪ್ಪ ಟ್ರಾನ್ಸಿಸ್ಟರಿನ ಹಿಂದಿನ ಮುಚ್ಚಳ ತೆಗೆದ. ಸೆಲ್ಲುಗಳ ಜಾಗದಲ್ಲಿ ಅರಿವೆ ಸುತ್ತಿದ ವಿಭೂತಿ ಗಟ್ಟಿಗಳಿದ್ದವು.

ವೀರವ್ವ ಒಳಗಿನಿಂದ ಕತ್ತಲಲ್ಲಿ ಹಿಡಿಯುವ ಕೈಬ್ಯಾಟರಿ ತಂದು ಗಂಡನ ಮುಂದಿಟ್ಟಳು. "ಸೆಲ್ಲು ಇದರಾಗ ಅದಾವ್ರಿ. ಹೋಗಬ್ಯಾಡ್ರಿ ಅಂದ್ರ ನೀವು ಕೇಳಾವರಲ್ಲ. ನನ್ನ ಕೈಲೆ ಆಗೂದು ಇಷ್ಟ ಇತ್ತು."

ಉಳಿವೆಪ್ಪ ವಿಭೂತಿಯನ್ನೇ ನೋಡುತ್ತ ಕುಳಿತ. ಬಾಯಿ ತಪ್ಪಿ ಮಾತು ಹೊರಬಿತ್ತು. "ಹಂಗಾರ ವಿಮಾನ ಯಾಕ ಕುಸೀತು?"

ಕಟ್ಟೆಯ ಮೇಲಿನ ಜನರೆಲ್ಲ ಗೊಳ್ಳೆಂದು ನಕ್ಕರು. ವೀರವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮ ಮನ್ಯಾಗ ವಿಮಾನದಾಗ ಕುಂತು ತಿರುಗಿ ಬಂದಾವರು ನೀವೊಬ್ಬರ. ಒಳಗ ಬರ್ರಿ, ರೊಟ್ಟಿ ಆರಾಕತ್ತಾವು."