ಎದುರುಮನೆಯ ಡಬ್ಬಿಗಳು

ವರ್ಗವಾಗುವ ನೌಕರಿಯವರ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಸಾಮಾನನ್ನು ಯಾರೂ ತಂದಿರುವುದಿಲ್ಲ, ಅದಾಗಿಯೇ ಸೇರಿರುತ್ತದೆ. ಸೇರಿದ್ದಕ್ಕೆ ಬಳಸುವ ಮಾತು ಮಾತ್ರ ಸಮಯಕ್ಕೆ ತಕ್ಕಂತೆ ಬದಲಾಗುತ್ತದೆ.

ಒಂದೊಂದೇ

ಇದು ಶುರುವಿನ ಮಾತು. ಮೈಸೂರಿನಿಂದ ತಿರುವನಂತಪುರದ ಕ್ವಾರ್ಟರ್ಸಿಗೆ ಬಂದ ವಾರವೇ ಎದುರುಮನೆಯ ಚೇಚಿ, ಅಂದರೆ ಅಲ್ಲಿಯವರ ಮಾತಿನಲ್ಲಿ ಅಕ್ಕ, ಸ್ಟೀಲ್ ಡಬ್ಬಿಯಲ್ಲಿ ಅವಿಯಲ್ ಕೊಟ್ಟರು. ಖಾಲಿ ಡಬ್ಬಿ ಹಿಂತಿರುಗಿಸುವುದು ನನ್ನ ಹೆಂಡತಿಯ ಕಾನೂನಿನಲ್ಲಿ ಮಹಾಪರಾಧ. ಆದರೆ ಆ ಡಬ್ಬಿ ಚಿಕ್ಕದೆನಿಸಿ, ನಮ್ಮ ದೊಡ್ಡ ಡಬ್ಬಿಯಲ್ಲಿ ಬಿಸಿಬೇಳೆಬಾತ್ ಹೋಯಿತು. ಅವರದು ನಮ್ಮಲ್ಲೇ ಉಳಿಯಿತು. ಮುಂದಿನ ವಾರ ಇನ್ನೊಂದು ಬಂತು.

"ವಾಪಸ್ ಕೊಡೋದು ಯಾವಾಗ?" ಎಂದೆ.

"ಒಂದೊಂದೇ ತುಂಬಿಸಿ ಕೊಟ್ರಾಯ್ತು ಬಿಡಿ," ಎಂದಳು. ನಾಲ್ಕು ವರ್ಷ ಬಿಟ್ಟೆ.

ಹೇಗೋ ಸೇರಿಬಿಟ್ಟಿವೆ

ಇದು ಸಿಕ್ಕಿಬಿದ್ದವರ ಮಾತು. ಒಂದು ಭಾನುವಾರ ಅಡುಗೆಮನೆಯ ಕಪಾಟು ತೆಗೆದರೆ ಚೇಚಿಯ ಡಬ್ಬಿಗಳು ನನ್ನ ಕಾಲಮೇಲೇ ಉರುಳಿದವು. ಹನ್ನೊಂದು.

"ಏನೇ ಇದು?"

"ಹೇಗೋ ಸೇರಿಬಿಟ್ಟಿವೆ."

"ಹೇಗೋ ಅಂದ್ರೆ? ಕಾಲಿದ್ಯಾ ಅವಕ್ಕೆ?"

"ಅಟ್ಟದ ಮೇಲೆ ನಿಮ್ಮ ಹದಿನಾಲ್ಕು ಸೆಮಿನಾರ್ ಬ್ಯಾಗ್ ಇದ್ಯಲ್ಲ, ಅದಕ್ಕೇನಂತೀರಿ?"

"ಅವು ಕ್ರಮೇಣ ಬಂದದ್ದು," ಎಂದೆ. ಆಫೀಸಿನ ವರದಿಗಳಲ್ಲೂ ನಾನು 'ಕ್ರಮೇಣ' ಎಂದೇ ಬರೆಯುವುದು. 'ನಾನು ಮಾಡಿದೆ' ಎಂಬುದನ್ನು ಮುಚ್ಚಿಡಲು ಅಷ್ಟು ಮರ್ಯಾದಸ್ಥ ಪದ ಇನ್ನೊಂದಿಲ್ಲ.

ರಾಶಿ

ಇದು ಹೊರಬೇಕಾದವನ ಮಾತು. ಕೊಚ್ಚಿಗೆ ವರ್ಗವಾಯಿತು. ಲಾರಿ ಬಾಗಿಲಿಗೆ ಬಂದಾಗ ಗ್ಯಾಸ್ ಸಿಲಿಂಡರ್ ಹೋಗಿಯಾಗಿತ್ತು, ಏನಾದರೂ ಮಾಡಿ ತುಂಬಿಸೋಣವೆಂದರೆ ಒಲೆಯೇ ಇಲ್ಲ; ಡಬ್ಬಿಗಳ ರಾಶಿ ಮಾತ್ರ ಅಲ್ಲೇ ಇತ್ತು. ಹೆಂಡತಿ ಅಳುವುದೊಂದು ಬಾಕಿ. "ಕನ್ನಡದವರು ಡಬ್ಬಿ ನುಂಗ್ಕೊಂಡು ಹೋದ್ರು ಅನ್ನಿಸ್ಕೊಳೋದಾ?"

ಬೇಕರಿಯಿಂದ ಏನಾದರೂ ತಂದು ತುಂಬಿಸೋಣವೆಂದೆ. "ಅಂಗಡಿ ತಿಂಡಿನಾ? ಅದಕ್ಕಿಂತ ಖಾಲಿಯೇ ವಾಸಿ. ನೀವೇ ಹೋಗಿ ಕೊಡಿ, ನನಗೆ ಮುಖ ಇಲ್ಲ," ಎಂದು ಒಳಕೋಣೆ ಸೇರಿದಳು.

ಎರಡು ಚೀಲದಲ್ಲಿ ಹನ್ನೊಂದು ಡಬ್ಬಿ ಹೊತ್ತು ಎದುರುಮನೆಯ ಬೆಲ್ ಒತ್ತಿದೆ. ಚೇಚಿ ಚೀಲದೊಳಗೆ ಇಣುಕಿದರು. ಎಲ್ಲ ಖಾಲಿ ಎಂದು ತಿಳಿದದ್ದೇ ಅವರ ಮುಖ ಅರಳಿತು. "ಅಯ್ಯೋ ಸಾರೇ, ರಕ್ಷಪ್ಪೆಟ್ಟು," ಬಚಾವಾದೆ ಎಂದು ಒಳಗೋಡಿ ಒಂದು ಗೋಣಿಚೀಲ ಎಳೆದು ತಂದರು. ನಮ್ಮ ಹದಿಮೂರು ಡಬ್ಬಿ. ತುಂಬಿಸಿ ಕೊಡಲಾಗದ ನಾಚಿಕೆಗೆ ಎರಡು ದಿನದಿಂದ ಬಾಗಿಲೇ ತೆಗೆದಿರಲಿಲ್ಲವಂತೆ.

ಯುದ್ಧ ಗೆದ್ದವನ ಹಾಗೆ ಮನೆಗೆ ಬಂದು ಗೋಣಿಚೀಲ ಕೆಳಗಿಟ್ಟೆ. ಹೆಂಡತಿ ಒಂದೊಂದೇ ಮುಚ್ಚಳ ತೆಗೆದು ನೋಡುತ್ತಾ ಹೋದಳು. ಹದಿಮೂರನೆಯದನ್ನೂ ನೋಡಿ ತಲೆ ಎತ್ತಿದಳು.

"ಖಾಲಿ ಡಬ್ಬಿ ಕೊಟ್ಟು ಕಳಿಸಿದ್ರಾ? ಎಂಥಾ ಜನಾರೀ ಇವರು."