ಅಳತೆಗೊಬ್ಬ ಆಳು

ಗಿಡ್ಡ ಉಜ್ಜಪ್ಪ ಕಣ್ಣಿಗೆ ಬಿದ್ದದ್ದೇ ಮುಕ್ತಾರ್ ಅಹಮದನ ಫಜೀತಿಗೆ ಮೂಲ.

ಶಿಕಾರಿಪುರದಲ್ಲಿ ಸ್ಟುಡಿಯೋ ಇಟ್ಟು ಹನ್ನೆರಡು ವರ್ಷ ಮದುಮಕ್ಕಳನ್ನೂ ಶಾನುಭೋಗರನ್ನೂ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದವನಿಗೆ ಸಾವಿರದ ಒಂಬೈನೂರ ಐವತ್ತೆಂಟರ ಆ ಚಳಿಗಾಲದಲ್ಲಿ ದೊಡ್ಡ ಕರೆ ಬಂದಿತ್ತು. ಸರ್ಕಾರಿ ಬಂಗಲೆಯಲ್ಲಿ ಕ್ಯಾಂಪ್ ಹಾಕಿದ್ದ ನೀರಾವರಿ ಇಲಾಖೆಯ ಸಾಹೇಬರು, "ಅಂಜನಾಪುರದ ಅಣೆಕಟ್ಟೆ ಆಕಾಶ ಮುಟ್ಟೋ ಹಾಗೆ ಕಾಣ್ಬೇಕು. ನಾಳೆ ಸಂಜೆಯೊಳಗೆ ಚಿತ್ರ ಕೊಡಿ. ಬೆಂಗಳೂರಿನ ವಸ್ತುಪ್ರದರ್ಶನದಲ್ಲಿ ತೂಗುಹಾಕಿ ಕೆಳಗೆ ನಿಮ್ಮ ಹೆಸರು ಬರೆಸ್ತೀನಿ" ಎಂದಿದ್ದರು. ಆ ಹೆಸರಿನ ಆಸೆಗೆ ಮುಕ್ತಾರ್ ಕ್ಯಾಮೆರಾ, ಚಿತ್ರ ಮೂಡುವ ಎರಡು ಗಾಜಿನ ಪ್ಲೇಟು ಹೊತ್ತು ಮೊದಲ ಬಸ್ಸಿಗೇ ಅಂಜನಾಪುರಕ್ಕೆ ಬಂದಿಳಿದಿದ್ದ.

ಬರೀ ಕಟ್ಟೆಯನ್ನು ತೆಗೆದರೆ ಅದರ ಎತ್ತರ ಯಾರಿಗೂ ತಿಳಿಯದು. ಬುಡದಲ್ಲೊಬ್ಬ ಮನುಷ್ಯ ನಿಂತಿರಬೇಕು. ಅವನು ಎಷ್ಟು ಗಿಡ್ಡನಾಗಿರುತ್ತಾನೋ ಕಟ್ಟೆ ಅಷ್ಟು ಬೆಳೆಯುತ್ತದೆ. ಊರಿಗೆಲ್ಲ ಗಿಡ್ಡನಾದ ಉಜ್ಜಪ್ಪನನ್ನು ಮುಕ್ತಾರ್ ಆರಿಸಿದ್ದು ಅದಕ್ಕೇ. ಕಾರಣ ಹೇಳಿದರೆ ಪಾಪ, ನೊಂದುಕೊಂಡಾನೆಂದು ಬಾಯಿ ಬಿಡಲಿಲ್ಲ.

ಉಜ್ಜಪ್ಪ ಮದುವೆಯ ಕರಿ ಕೋಟು ತೊಟ್ಟು ಬಂದ. ಅವನನ್ನು ಕಟ್ಟೆಯ ಬುಡದಲ್ಲಿ ನಿಲ್ಲಿಸಿ, ಎರಡು ಗದ್ದೆಯಾಚೆ ಕ್ಯಾಮೆರಾ ಹೂಡಿ, ಪ್ಲೇಟು ಸೇರಿಸಿ, ಮುಚ್ಚಳ ತೆಗೆದು ಮುಕ್ತಾರ್ ತಲೆಯೆತ್ತಿದರೆ ಉಜ್ಜಪ್ಪ ಗದ್ದೆಯ ಬದುವಿನ ಮೇಲೆ ನಡೆದು ಬರುತ್ತಿದ್ದ.

"ಯಾಕ್ರೀ ಬಂದ್ರಿ?"

"ಅಷ್ಟು ದೂರ ನಿಂತ್ರೆ ಮುಖ ಕಾಣ್ತದೇನ್ರಿ ಸಾಬ್ರೇ? ಸಾಸ್ವೆ ಕಾಳಾಗಿ ಹೋಗ್ತೀನಿ."

ಒಂದು ಪ್ಲೇಟು ಹಾಳಾಯಿತು. ಅಷ್ಟರಲ್ಲಿ ಊರು ನೆರೆದಿತ್ತು. ಯಾರ ಮನೆ ವಿಷಯಕ್ಕೂ ತೀರ್ಪು ಕೊಡುವ ಉಚ್ಚಂಗಮ್ಮಜ್ಜಿ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು.

"ಅಲ್ರೀ ಸಾಬ್ರೇ, ಬೆಂಗ್ಳೂರ್ನೋರು ನೋಡೋ ಚಿತ್ರಕ್ಕೆ ನಮ್ಮೂರಾಗೆ ಇವನೊಬ್ನೇ ಸಿಕ್ಕಿದ್ನಾ?"

"ಇವ್ರೇ ಬೇಕು ಅಜ್ಜಿ. ಇವ್ರಂಥೋರು ನಿಮ್ಮೂರಾಗೆ ಇನ್ನೊಬ್ರಿಲ್ಲ."

ಅವನು ಹೇಳಿದ್ದು ನಿಜವೇ. ಉಜ್ಜಪ್ಪನ ಎದೆ ಉಬ್ಬಿತು. ಊರಿನ ಮುಖ ಸಣ್ಣಗಾಯಿತು.

ಮತ್ತೆ ನಡೆದು ಬರದಿರಲೆಂದು ಈ ಸಲ ಮುಕ್ತಾರ್ ಕಾಲುವೆಯನ್ನೇ ನಡುವೆ ಬಿಟ್ಟು ಆಚೆಯ ದಿಬ್ಬ ಹತ್ತಿದ. ಊರವರು ಉಜ್ಜಪ್ಪನನ್ನು ಕರೆದುಕೊಂಡು ಕಟ್ಟೆಯ ಕಡೆ ಹೋದರು. ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆಯಿಟ್ಟು ನೋಡಿದರೆ, ಗಾಜಿನ ಮೇಲೆ ಎಲ್ಲ ತಲೆಕೆಳಗು. ಬುಡದಲ್ಲಿ ಬಿಳಿ ಬಟ್ಟೆಯ, ರುಮಾಲಿನ ಆಕಾರವೊಂದು ಅಲುಗದೆ ನಿಂತಿತ್ತು. ಕೋಟು ತೆಗೆದನೇನೋ, ಒಳ್ಳೆಯದೇ ಆಯಿತು ಎಂದುಕೊಂಡು ಮುಕ್ತಾರ್ ಕೊನೆಯ ಪ್ಲೇಟಿನ ಮೇಲೆ ಚಿತ್ರ ಹಿಡಿದ. ಹನ್ನೆರಡು ವರ್ಷದಲ್ಲಿ ಇಂಥದ್ದೊಂದು ತನ್ನ ಕೈಯಿಂದ ಬಂದಿರಲಿಲ್ಲವೆಂದು ಹೆಮ್ಮೆಯಿಂದ ಅವನ ಕಣ್ಣು ತುಂಬಿತು.

ಕಾಲುವೆಯ ಮೇಲಿನ ಮರದ ಸಂಕ ದಾಟಿ ಊರವರು ಬಂದರು. ಮುಂದೆ ಬಿಳಿ ಕಚ್ಚೆ, ರುಮಾಲಿನ ಪೈಲ್ವಾನ್ ಪರಮಶಿವಪ್ಪ. ಆರೂವರೆ ಅಡಿ ಆಳು, ಎಂಥ ಬಾಗಿಲಿಗೂ ಬಗ್ಗಿಯೇ ನುಗ್ಗಬೇಕು. ಅವನ ಪಕ್ಕದಲ್ಲಿ ಉಜ್ಜಪ್ಪ, ಕೋಟು ಕಂಕುಳಲ್ಲಿ.

"ನಾನೇ ಜಾಗ ಬಿಟ್ಕೊಟ್ಟೆ ಸಾಬ್ರೇ," ಎಂದ ಉಜ್ಜಪ್ಪ, ತಲೆಯೆತ್ತಿ. "ನನ್ನ ಮುಖ ಎಂಥದು ಬಿಡ್ರಿ. ಊರಿನ ಮರ್ಯಾದೆ ನೋಡ್ಬೇಕಲ್ಲ. ಪರಮಶಿವಣ್ಣನ್ನ ನಿಲ್ಸಿದ್ವಿ."

ಮುಕ್ತಾರ್ ಕ್ಯಾಮೆರಾದ ಪೆಟ್ಟಿಗೆಯ ಮೇಲೆ ಕುಸಿದು ಕೂತ.

ಸಂಜೆ ಬಂಗಲೆಯಲ್ಲಿ ಸಾಹೇಬರು ಇನ್ನೂ ಹಸಿಯಾಗಿದ್ದ ಚಿತ್ರವನ್ನು ದೀಪಕ್ಕೆ ಹಿಡಿದು ನೋಡಿದರು.

"ಏನ್ರೀ ಇದು, ಕಟ್ಟೆ ಹಿತ್ತಲ ಗೋಡೆ ಥರ ಕಾಣ್ತದೆ."

ಮುಕ್ತಾರ್ ಹೊರಡಲು ಬಾಗಿಲ ಕಡೆ ತಿರುಗಿದ.

"ಆದ್ರೂ ಒಯ್ತೀನಿ. ಪ್ರದರ್ಶನದಲ್ಲಿ ಮಳಿಗೆ ಬಾಗಿಲಲ್ಲೇ ಹಾಕಿಸ್ತೀನಿ," ಎಂದರು ಸಾಹೇಬರು.

ಮುಕ್ತಾರನಿಗೆ ಹೋದ ಜೀವ ಬಂತು. ಸಾಹೇಬರು ಪೆನ್ನು ಬಿಚ್ಚಿ, ಬರೆಯಲು ಕಾಗದ ಎಳೆದುಕೊಂಡರು. ಮುಕ್ತಾರ್ ಟೋಪಿ ಸರಿಮಾಡಿಕೊಂಡು ನೆಟ್ಟಗೆ ನಿಂತ.

"ಮುಕ್ತಾರ್ ಅಹಮದ್, ಸಾರ್. ಶಿಕಾರಿಪುರ."

"ನಿಮ್ಮದಲ್ರೀ. ಇದನ್ನ ಕಟ್ಟೆಗಳ ಸಾಲಿಗೆ ಹಾಕೋಕಾಗಲ್ಲ, ಬೇಸಾಯದ ಮಳಿಗೆಗೆ ಹಾಕ್ತೀನಿ. ನಮ್ಮ ನಾಲೆ ನೀರಿನ ಭತ್ತ ಉಂಡು ರೈತ ಹೇಗೆ ಬೆಳೆದಿದಾನೆ ಅಂತ ಜನ ನೋಡ್ಲಿ. ಕೆಳಗೆ ಅವನ ಹೆಸರೇ ಬರ್ಬೇಕು. ಏನವನ ಹೆಸರು?"

ಮುಕ್ತಾರ್ ಪರಮಶಿವಪ್ಪನ ಹೆಸರು ಹೇಳಿದ. ಸಾಹೇಬರು ದಪ್ಪ ಅಕ್ಷರದಲ್ಲಿ ಬರೆದುಕೊಂಡರು.