ಅಂಬುಬಾಯಿಯವರನ್ನು ಉಪಕರಣವೆಂದು ನೋಂದಾಯಿಸುವ ಕುರಿತು

ಗುಣಮಟ್ಟ ಪರೀಕ್ಷಾ ವಿಭಾಗ
ಮಕ್ಕಳ ಔಷಧ ತಯಾರಿಕಾ ಘಟಕ, ಜೀಡಿಮೆಟ್ಲಾ, ಹೈದರಾಬಾದ್

ಸುತ್ತೋಲೆ ಸಂಖ್ಯೆ: ಗುಪವಿ/ರೋಹಿತ/17/2024-25
ದಿನಾಂಕ: 11.02.2025
(ಕನ್ನಡ ಬಲ್ಲ ಸಿಬ್ಬಂದಿಯ ತಿಳುವಳಿಕೆಗಾಗಿ)

ವಿಷಯ: ಗಣಕಯಂತ್ರವು ಈಗಾಗಲೇ ಗುರುತಿಸಿದ ದ್ರವವನ್ನು ಸಿಬ್ಬಂದಿಯೊಬ್ಬರು ಪುನಃ ಗುರುತಿಸಿದ ಬಗ್ಗೆ.

ಉಲ್ಲೇಖ: ಶ್ರೀಮತಿ ಅಂಬುಬಾಯಿ, ಕೊಳವೆ ತೊಳೆಯುವವರು, ಇವರು ಡ್ರಮ್ಮಿನ ಮೇಲೆ ಕುಳಿತು ನೀಡಿದ ಮೌಖಿಕ ಹೇಳಿಕೆ.

ದ್ರವದ ಮೂಲಕ ಬೆಳಕು ಹಾಯಿಸಿದಾಗ ಮೂಡುವ ಏರಿಳಿತದ ಗೆರೆಗೆ ರೋಹಿತವೆಂದು ಹೆಸರು. ಗಣಕಯಂತ್ರವು ಆ ಗೆರೆಯನ್ನು ತನ್ನ ಸಂಗ್ರಹದ ಗೆರೆಗಳೊಂದಿಗೆ ಹೋಲಿಸಿ ದ್ರವದ ಹೆಸರು ಹೇಳುತ್ತದೆ. ಸಂಗ್ರಹದಲ್ಲಿ ಹನ್ನೊಂದು ಸಾವಿರ ಪದಾರ್ಥಗಳಿದ್ದು, ಹುಡುಕಾಟ ನಿಧಾನವಾಗುತ್ತಿದೆಯೆಂದು ಹನ್ನೆರಡಕ್ಕೆ ಇಳಿಸಲಾಗಿತ್ತು. ಶೇ. 95 ಹೊಂದಾಣಿಕೆ ಬೇಕೆಂಬ ನಿಯಮವನ್ನು ಅದೇ ಕಾರಣಕ್ಕೆ ಶೇ. 80 ಮಾಡಲಾಗಿತ್ತು.

ಕಳೆದ ಮಂಗಳವಾರ ಕೆಮ್ಮಿನ ಸಿರಪ್ಪಿಗೆಂದು ಬಂದ ಆರು ಡ್ರಮ್ಮುಗಳನ್ನು ಯಂತ್ರವು ‘ಗ್ಲಿಸರಿನ್, ಶೇ. 83’ ಎಂದು ಅಂಗೀಕರಿಸಿತು. ಮಾದರಿ ತೆಗೆದ ಕೊಳವೆಯನ್ನು ತೊಳೆಯುತ್ತಿದ್ದ ಅಂಬುಬಾಯಿಯವರು ಕೆಲಸ ಬಿಟ್ಟು ಬಂದು, “ಇದು ಗ್ಲಿಸರಿನ್ ಅಲ್ರಿ. ಅದನ್ನ ತೊಳಿಯೋದ್ರಾಗ ಕೈ ಸೋತು ಹೋಗ್ತಾವು. ಇದು ನೀರಿನ್ಹಂಗ ಜಾರಿ ಹೋತು” ಎಂದರು. ಅವರಿಗೆ ಯಂತ್ರದ ಪರದೆಯನ್ನು ತೋರಿಸಲಾಯಿತು. ಅವರು ಪರದೆ ನೋಡದೆ ಮೊದಲ ಡ್ರಮ್ಮಿನ ಮೇಲೆ ಕುಳಿತರು. ಇಳಿಯಲು ಆದೇಶಿಸಿದಾಗ, “ನನ್ನ ಮೊಮ್ಮಗಳೂ ಇಂಥಾ ಔಷಧನ ಕುಡೀತಾಳ್ರಿ. ಏಳಂಗಿಲ್ಲ” ಎಂದದ್ದು ದಾಖಲಾಗಿದೆ. ಅವರು ಕುಳಿತ ಅವಧಿ ಎರಡು ಗಂಟೆ ನಲವತ್ತು ನಿಮಿಷ.

ಅಷ್ಟರಲ್ಲಿ ರಸಾಯನ ಪರೀಕ್ಷಕ ಸುಮಂತ ಅವರು ಯಾರ ಅನುಮತಿಯೂ ಇಲ್ಲದೆ ಮಾದರಿಯನ್ನು ಬೇರೆ ವಿಧಾನದಿಂದ ಪರೀಕ್ಷಿಸಿದರು. ಅದು ಮಕ್ಕಳ ಮೂತ್ರಪಿಂಡ ಕೆಡಿಸುವ ಕೈಗಾರಿಕಾ ದ್ರಾವಕವೆಂದು ತಿಳಿದುಬಂದಿತು. ಹನ್ನೆರಡರ ಪಟ್ಟಿಯಲ್ಲಿ ಅದು ಇರಲಿಲ್ಲ. ಆರೂ ಡ್ರಮ್ಮುಗಳಿಗೆ ಮುದ್ರೆ ಹಾಕಿ ಔಷಧ ನಿಯಂತ್ರಣಾಧಿಕಾರಿಗಳಿಗೆ ವರದಿ ಮಾಡಲಾಗಿದೆ. ಸಿರಪ್ಪು ತಯಾರಾಗಲಿಲ್ಲ.

ಇಂತಹ ಅಶಿಸ್ತು ಮರುಕಳಿಸದಂತೆ ಈ ಮೂಲಕ ಸೂಚಿಸುವುದೇನೆಂದರೆ:

1. ಕಾರ್ಖಾನೆಗೆ ಬರುವ ಪ್ರತಿಯೊಂದು ದ್ರವವೂ ಸಂಗ್ರಹದ ಹನ್ನೆರಡರಲ್ಲಿ ಒಂದಾಗಿರತಕ್ಕದ್ದು. ಹದಿಮೂರನೆಯದಾಗಿದ್ದಲ್ಲಿ ಅದು ಗೇಟಿನಲ್ಲಿಯೇ ಲಿಖಿತವಾಗಿ ತಿಳಿಸತಕ್ಕದ್ದು.

2. ಕಣ್ಣು, ಮೂಗು, ಬೆರಳುಗಳಿಂದ ಅಭಿಪ್ರಾಯಕ್ಕೆ ಬರುವವರು ಶೇಕಡಾವಾರು ನಮೂದಿಸತಕ್ಕದ್ದು. ಈ ಬಗ್ಗೆ ವಿವರಣೆ ಕೇಳಿದಾಗ ಅಂಬುಬಾಯಿಯವರು “ಅಲ್ಲಂದ್ರ ಪೂರಾ ಅಲ್ರಿ” ಎಂದಿದ್ದು, ಅದನ್ನು ತಾತ್ಕಾಲಿಕವಾಗಿ ಶೇ. 100 ಎಂದು ಪರಿಗಣಿಸಲಾಗಿದೆ.

3. ಡ್ರಮ್ಮಿನ ಮೇಲೆ ಕೂರಲಿಚ್ಛಿಸುವವರು ಮೂರು ಪ್ರತಿಗಳಲ್ಲಿ ಮುಂಗಡ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯನ್ನು ನಿಂತುಕೊಂಡೇ ಬರೆಯತಕ್ಕದ್ದು.

4. ‘ಗೊತ್ತಿಲ್ಲ’ ಎನ್ನುವ ವ್ಯವಸ್ಥೆ ಯಂತ್ರದಲ್ಲಿಲ್ಲ. ಕೇಳಿದರೆ ಹತ್ತಿರದ ಒಂದು ಹೆಸರು ಹೇಳುತ್ತದೆ. ಅಧಿಕಾರಿ ವರ್ಗದಲ್ಲಿಯೂ ಇದೇ ಪದ್ಧತಿ ಇರುವುದರಿಂದ ಇದನ್ನು ದೋಷವೆಂದು ಭಾವಿಸತಕ್ಕದ್ದಲ್ಲ.

5. ಸುಮಂತ ಅವರಿಗೆ ಅನುಮತಿಯಿಲ್ಲದೆ ಸರಿಯಾದ ಉತ್ತರ ಕಂಡುಹಿಡಿದುದಕ್ಕಾಗಿ ಎಚ್ಚರಿಕೆ ನೀಡಲಾಗಿದೆ.

6. ಪೂರ್ಣ ಸಂಗ್ರಹ ಮತ್ತೆ ಅಳವಡಿಕೆಯಾಗುವವರೆಗೆ ಅಂಬುಬಾಯಿಯವರು ನೋಡಿ ಒಪ್ಪದೆ ಯಾರೂ ಯಾವ ಡ್ರಮ್ಮನ್ನೂ ಬಳಕೆಗೆ ಬಿಡತಕ್ಕದ್ದಲ್ಲ. ಕೊಳವೆ ತೊಳೆಯುವವರಿಗೆ ಡ್ರಮ್ಮು ತಿರಸ್ಕರಿಸುವ ಅಧಿಕಾರವಿಲ್ಲ, ಉಪಕರಣಕ್ಕೆ ಇದೆ. ಆದ್ದರಿಂದ ಅವರನ್ನು ಉಪಕರಣ ಸಂಖ್ಯೆ 31 ಎಂದು ನೋಂದಾಯಿಸಲಾಗಿದೆ. ದಿನಕ್ಕೆರಡು ಬಾರಿಯ ಚಹಾವನ್ನು ನಿರ್ವಹಣೆಯೆಂದು ಬರೆಯತಕ್ಕದ್ದು. ಉಪಕರಣದ ಮೈಮೇಲೆ ಸಂಖ್ಯೆಯ ಚೀಟಿ ಅಂಟಿಸುವ ಪ್ರಯತ್ನವನ್ನು ಉಪಕರಣವೇ ತಡೆದಿದೆ.

ಸಹಿ/-
ವಿಭಾಗಾಧಿಕಾರಿ
(ಘಟನೆಯ ಸಮಯದಲ್ಲಿ ಸಭೆಯಲ್ಲಿದ್ದರು)

ಪ್ರತಿಗಳು:
1. ಉಗ್ರಾಣ ವಿಭಾಗಕ್ಕೆ, ಪಾಲನೆಗಾಗಿ.
2. ಯಂತ್ರ ಪೂರೈಸಿದವರಿಗೆ, ಸಂಕೋಚದೊಂದಿಗೆ.
3. ಸೂಚನಾ ಫಲಕಕ್ಕೆ.
4. ಉಪಕರಣ ಸಂಖ್ಯೆ 31ಕ್ಕೆ, ಓದಿ ಹೇಳಿ ಹೆಬ್ಬೆಟ್ಟು ಪಡೆಯಲು. ಷರಾ: ಪಡೆಯಲಾಗಲಿಲ್ಲ. “ಡ್ರಮ್ಮಿನ ಲಾರಿ ಬಂದೈತ್ರಿ, ಸರೀರಿ ಅತ್ಲಾಗ” ಎಂದು ಹೊರಟುಹೋದರು.